ಖಾತೆ ನಮ್ಮದು, ಹಣ ಯಾರದು?

2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟು ‘ಡಿಜಿಟಲ್ ಅರೆಸ್ಟ್’ ವಂಚನೆಗಳ ತನಿಖೆಯನ್ನು ದೇಶದ ಮಟ್ಟದಲ್ಲಿ ಸಿಬಿಐಗೆ ಒಪ್ಪಿಸಿತು. ಹರಿಯಾಣದ ಅಂಬಾಲದ ವಯಸ್ಸಾದ ದಂಪತಿ ಒಂದು ಕೋಟಿ ರೂಪಾಯಿಗೂ ಹೆಚ್ಚು ಕಳೆದುಕೊಂಡು, ತಮ್ಮನ್ನು ಹೆದರಿಸಲು ತೋರಿಸಿದ ನಕಲಿ ಕೋರ್ಟ್ ಆದೇಶಗಳ ಬಗ್ಗೆ ಬರೆದ ಪತ್ರದಿಂದ ಶುರುವಾದ ಪ್ರಕರಣ ಅದು. ಸುದ್ದಿ ಬಂತು, ಎರಡು ದಿನ ಮಾತಾಡಿದೆವು, ‘ಪಾಪ’ ಎಂದೆವು, ಮರೆತೆವು. ಆದರೆ ಅದೇ ಆದೇಶದಲ್ಲಿ ಇನ್ನೂ ಒಂದು ಮಾತಿತ್ತು. ವಂಚನೆಯ ಹಣ ಬಂದು ಬೀಳುವ ಖಾತೆಗಳನ್ನು ತೆರೆಯಲು ನೆರವಾದ ಬ್ಯಾಂಕಿನವರ ಪಾತ್ರವನ್ನೂ ಸಿಬಿಐ ನೋಡಬೇಕು, ಇಂಥ ಖಾತೆಗಳನ್ನು ಕಂಪ್ಯೂಟರ್ ಮೂಲಕವೇ ಪತ್ತೆ ಹಚ್ಚಿ ತಡೆಯುವ ವ್ಯವಸ್ಥೆಯ ಬಗ್ಗೆ ರಿಸರ್ವ್ ಬ್ಯಾಂಕ್ ಉತ್ತರ ಕೊಡಬೇಕು ಎಂದು ಕೋರ್ಟು ಹೇಳಿತ್ತು. ನಮ್ಮ ಮನೆಗಳಿಗೆ ನೇರವಾಗಿ ತಾಗುವುದು ಈ ಎರಡನೇ ಮಾತು.

ಪೊಲೀಸರೂ ಬ್ಯಾಂಕಿನವರೂ ಈ ಖಾತೆಗಳಿಗೆ ‘ಮ್ಯೂಲ್ ಅಕೌಂಟ್’ ಅನ್ನುತ್ತಾರೆ. ಮ್ಯೂಲ್ ಅಂದರೆ ಹೇಸರಗತ್ತೆ. ಯಾರದೋ ಹೊರೆಯನ್ನು ಎಲ್ಲಿಂದಲೋ ಎಲ್ಲಿಗೋ ಹೊತ್ತು ಸಾಗಿಸುವ ಪ್ರಾಣಿ. ಬೆನ್ನಿನ ಮೇಲಿನ ಚೀಲದಲ್ಲಿ ಎಂತ ಉಂಟು ಎಂದು ಅದಕ್ಕೆ ಗೊತ್ತಿಲ್ಲ. ಆದರೆ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುವಾಗ ಯಜಮಾನ ಇರುವುದಿಲ್ಲ, ಇದು ಮಾತ್ರ ಇರುತ್ತದೆ. ಹೆಸರು ಇಟ್ಟವರು ಯಾರೋ, ಸರಿಯಾಗಿಯೇ ಇಟ್ಟಿದ್ದಾರೆ.

ನಮ್ಮಲ್ಲಿ ತಂತ್ರಜ್ಞಾನದ ಬಗ್ಗೆ ಮಾತಿಗೇನೂ ಬರವಿಲ್ಲ. ಮದುವೆ ಹಾಲಿನಲ್ಲಿ ಊಟಕ್ಕೆ ಕಾಯುವಾಗ, ಅಂಗಡಿ ಜಗಲಿಯಲ್ಲಿ ಚಾ ಕುಡಿಯುವಾಗ ಒಬ್ಬೊಬ್ಬರದು ಒಂದೊಂದು ತೀರ್ಮಾನ. ‘ದುಬಾರಿ ಫೋನ್ ಆದರೆ ಹ್ಯಾಕ್ ಆಗುದಿಲ್ಲ.’ ‘ಬ್ಯಾಂಕಿನ ಸರ್ವರನ್ನೇ ಹೊಡೆದಿದ್ದಾರೆ.’ ‘ಯುಪಿಐ ಬೇಡ ಮಾರ್ರೆ, ಕ್ಯಾಶೇ ಒಳ್ಳೇದು.’ ಕೇಳಲಿಕ್ಕೆ ಚಂದ. ಆದರೆ ಹೆಚ್ಚಿನ ವಂಚನೆಗಳಲ್ಲಿ ಯಾರೂ ಬೀಗ ಒಡೆದೇ ಇಲ್ಲ. ಹೆದರಿಕೆಯಿಂದಲೋ ಆಸೆಯಿಂದಲೋ ಮನೆಯವರೇ ಬಾಗಿಲು ತೆಗೆದಿದ್ದಾರೆ. ಯುಪಿಐಯ ಬೀಗ ಸಾಕಷ್ಟು ಗಟ್ಟಿಯೇ ಉಂಟು: ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ ಇರುವ ಫೋನು ಬೇಕು, ಅದರ ಮೇಲೆ ಪಿನ್ ಬೇಕು. ಸಮಸ್ಯೆ ಇರುವುದು ಹಣ ಹೊರಡುವ ಕಡೆಯಲ್ಲಿ ಮಾತ್ರವಲ್ಲ, ಅದು ಹೋಗಿ ಇಳಿಯುವ ಕಡೆಯಲ್ಲಿಯೂ. ಆ ಕಡೆಯ ಬಗ್ಗೆ ನಾವು ಮಾತಾಡುವುದು ಕಡಿಮೆ. ಕಾರಣ ಸರಳ. ಹಣ ಕಳೆದುಕೊಂಡವರ ಬಗ್ಗೆ ಮರುಕ ಪಡುವುದು ಸುಲಭ, ಖಾತೆ ಕೊಟ್ಟ ಹುಡುಗ ನಮ್ಮ ಬೀದಿಯವನೇ ಆಗಿದ್ದರೆ ಬಾಯಿ ಕಟ್ಟುತ್ತದೆ.

ಎಷ್ಟು ಹಣದ ಮಾತು ಇದು? ಕೇಂದ್ರ ಗೃಹ ಸಚಿವಾಲಯ ಲೋಕಸಭೆಗೆ ಕೊಟ್ಟ ಲೆಕ್ಕದ ಪ್ರಕಾರ ಸೈಬರ್ ವಂಚನೆಯಲ್ಲಿ ಜನ ಕಳೆದುಕೊಂಡದ್ದು 2023ರಲ್ಲಿ ಸುಮಾರು 7,465 ಕೋಟಿ ರೂಪಾಯಿ. 2024ರಲ್ಲಿ ಅದು 22,845 ಕೋಟಿ ದಾಟಿತು. ಒಂದೇ ವರ್ಷದಲ್ಲಿ ಮೂರು ಪಟ್ಟು. ಇನ್ನೊಂದು ಕಡೆ 2016ರಲ್ಲಿ ಶುರುವಾದ ಯುಪಿಐಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2000 ಕೋಟಿಗೂ ಹೆಚ್ಚು ಪಾವತಿಗಳು ನಡೆದಿವೆ. ಮೀನಿನವರು, ಸೊಪ್ಪಿನವರು, ರಿಕ್ಷಾದವರು ಎಲ್ಲರ ಹಣವೂ ಹರಿಯುವ ಈ ದೊಡ್ಡ ಹೊಳೆಯಲ್ಲಿ ಕಳ್ಳನ ಕೊಡ ನೀರು ಬೇರೆಯಾಗಿ ಕಾಣುವುದಿಲ್ಲ.

ಈಗ ವ್ಯಾಪಾರಿಗಳ ಕಣ್ಣಿನಿಂದ ಸ್ವಲ್ಪ ನೋಡೋಣ. ನಮ್ಮ ಹೆಸರೇ ತುಳುವಿನ ‘ಬ್ಯಾರ’ದಿಂದ, ಅಂದರೆ ವ್ಯಾಪಾರದಿಂದ ಬಂದದ್ದು ಎನ್ನುತ್ತಾರೆ, ಹಾಗಾಗಿ ಈ ಲೆಕ್ಕ ನಮಗೆ ಬೇಗ ಅರ್ಥವಾದೀತು. ವಂಚನೆಯೂ ಒಂದು ದಂಧೆ, ಅದಕ್ಕೂ ಕಚ್ಚಾ ಸಾಮಗ್ರಿ ಬೇಕು. ಫೋನ್ ಕರೆ ಹೆಚ್ಚುಕಡಿಮೆ ಪುಕ್ಕಟೆ. ನಕಲಿ ಯೂನಿಫಾರ್ಮು, ನಕಲಿ ಕೋರ್ಟು, ನಕಲಿ ಆ್ಯಪ್ ಎಲ್ಲ ಅಗ್ಗ. ಕರೆ ಮಾಡುವ ಜನವೂ ಅಗ್ಗವೇ. ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸಿನ ಕೋಟೆಯಂಥ ಕಟ್ಟಡಗಳಲ್ಲಿ ಡೇಟಾ ಎಂಟ್ರಿ ಕೆಲಸವೆಂದು ನಂಬಿಸಿ ಕರೆದೊಯ್ದ ಹುಡುಗರನ್ನೇ ಕೂಡಿ ಹಾಕಿ ದುಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಅಲ್ಲಿಂದ 549 ಭಾರತೀಯರನ್ನು ವಾಪಸು ತಂದದ್ದು ನೆನಪಿರಬಹುದು. ಹಾಗಾದರೆ ದಂಧೆಯಲ್ಲಿ ದುಬಾರಿ ಯಾವುದು? ಖಾತೆ. ಭಾರತದಲ್ಲಿ ಯಾರದೇ ಹಣ ಮೋಸದಿಂದ ತೆಗೆದರೂ ಅದು ಮೊದಲು ಇಲ್ಲಿನ ಯಾವುದಾದರೂ ಖಾತೆಗೇ ಬೀಳಬೇಕು. ಆ ಖಾತೆಗೆ ಆಧಾರ್, ಪಾನ್, ಫೋಟೋ ಎಲ್ಲ ಅಂಟಿಕೊಂಡಿದೆ. ವಂಚಕ ತನ್ನ ಹೆಸರಲ್ಲಿ ತೆರೆದರೆ ಮರುದಿನ ಪೊಲೀಸರು ಅವನ ಮನೆ ಬಾಗಿಲಲ್ಲಿ. ಅದಕ್ಕೇ ಬೇರೆಯವರ ಖಾತೆ ಬೇಕು. ಅದೂ ಒಂದಲ್ಲ, ಎರಡಲ್ಲ. ಒಂದು ದೂರು ಬಿದ್ದ ಕೂಡಲೇ ಆ ಖಾತೆ ಸತ್ತ ಹಾಗೆ, ಮತ್ತೆ ಹೊಸತು ಬೇಕು. ಬೀಡಿ ಕಟ್ಟುವ ಮನೆಗೆ ಎಲೆ ಇದ್ದ ಹಾಗೆ ಇದು. ಕೈಯೆಷ್ಟೇ ಚುರುಕಿದ್ದರೂ ಎಲೆ ಮುಗಿದರೆ ಕೆಲಸ ನಿಲ್ಲುತ್ತದೆ. ಆ ಎಲೆ ಹುಡುಕಿಕೊಂಡೇ ಅವರು ಊರೂರಿಗೆ ಬರುತ್ತಾರೆ.

ಬರುವವನು ಕಳ್ಳನ ಹಾಗೆ ಕಾಣುವುದಿಲ್ಲ. ಗೆಳೆಯನ ಗೆಳೆಯ, ಕಾಲೇಜಿನಲ್ಲಿ ಎರಡು ವರ್ಷ ಸೀನಿಯರ್ ಆಗಿದ್ದವನು, ಕ್ರಿಕೆಟ್ ತಂಡದವನು. ‘ನಿನ್ನ ಖಾತೆ ಖಾಲಿ ಬಿದ್ದಿದೆಯಲ್ಲ, ಎರಡು ತಿಂಗಳಿಗೆ ಕೊಡು. ನಮ್ಮದೊಂದು ಟ್ರೇಡಿಂಗ್ ಕಂಪೆನಿ, ಟ್ಯಾಕ್ಸ್ ಉಳಿಸಲಿಕ್ಕೆ ಹಣ ಬೇರೆ ಬೇರೆ ಖಾತೆಗೆ ಹಾಕುದು.’ ಗೇಮಿಂಗಿನ ಹಣ ಎಂದೂ ಹೇಳುತ್ತಾರೆ, ಗಲ್ಫಿನ ಒಬ್ಬರ ಬಿಸಿನೆಸ್ ಹಣ ಎಂದೂ ಹೇಳುತ್ತಾರೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಆ ಖಾತೆಗೆ ಜೋಡಿಸಿದ ಸಿಮ್, ಇಷ್ಟನ್ನೂ ಒಂದು ಕವರಿನಲ್ಲಿ ಹಾಕಿ ಕೊಟ್ಟರೆ ಆಯಿತು. ಸಿಮ್ ಯಾಕೆ ಕೇಳುತ್ತಾರೆ ಎಂದು ಹುಡುಗ ಯೋಚಿಸುವುದಿಲ್ಲ. ಇವತ್ತಿನ ವ್ಯವಸ್ಥೆಯಲ್ಲಿ ಸಿಮ್ ಯಾರ ಕೈಲಿ ಉಂಟೋ ಖಾತೆ ಅವರ ಕೈಲಿ ಉಂಟು, ಒಟಿಪಿ ಹೋಗುವುದು ಅಲ್ಲಿಗೆ. ಬದಲಿಗೆ ಕೈಗೆ ಒಂದಿಷ್ಟು ಸಾವಿರ. ಕೆಲಸವಿಲ್ಲದ, ಮನೆಯಲ್ಲಿ ದುಡ್ಡು ಕೇಳಿ ಕೇಳಿ ಸೋತ ಹುಡುಗನಿಗೆ ಅದು ದೊಡ್ಡ ಮೊತ್ತ. ಅವನ ಲೆಕ್ಕ ಇಷ್ಟೇ: ‘ಖಾತೆಯಲ್ಲಿ ನನ್ನ ಹಣವೇ ಇಲ್ಲ. ನಂಗೆ ಹೋಗುವುದೆಂತ?’

ಈ ಲೆಕ್ಕದ ತಪ್ಪನ್ನು ಮನೆಯ ಹಿರಿಯರು ಕೂತು ಬಿಡಿಸಿ ಹೇಳಬೇಕು. ಖಾಲಿ ಖಾತೆ ಕೊಟ್ಟಾಗ ಹೋಗುವುದು ಹಣವಲ್ಲ, ಹೆಸರು. ಖಾತೆಯೆಂದರೆ ಹಣ ಇಡುವ ಡಬ್ಬಿ ಎಂದು ನಾವು ತಿಳಿದಿದ್ದೇವೆ. ಕಾನೂನಿನ ಕಣ್ಣಿಗೆ ಅದು ಸಹಿ. ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಹಾಕಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವನ ಕೈಗೆ ಕೊಡುವ ಹುಡುಗ ನಮ್ಮಲ್ಲಿ ಯಾರೂ ಇಲ್ಲ. ಎಟಿಎಂ ಕಾರ್ಡನ್ನೂ ಸಿಮ್ಮನ್ನೂ ಕೊಡುವುದು ಅದೇ ಕೆಲಸ.

ಮುಂದೆ ನಡೆಯುವುದು ಹೀಗೆ. ಎಲ್ಲೋ ದೂರದ ಊರಿನ ನಿವೃತ್ತ ಮೇಷ್ಟರೊಬ್ಬರು ಹೆದರಿ ಹತ್ತು ಲಕ್ಷ ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಅದು ಮೊದಲ ಖಾತೆಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ತುಂಡು ತುಂಡಾಗಿ ಹಲವು ಖಾತೆಗಳಿಗೆ, ಅಲ್ಲಿಂದ ಇನ್ನಷ್ಟು ಖಾತೆಗಳಿಗೆ ಹಂಚಿಹೋಗುತ್ತದೆ. ಕೊನೆಗೆ ಯಾವುದೋ ಎಟಿಎಂನಲ್ಲಿ ನಗದಾಗುತ್ತದೆ, ಇಲ್ಲವೇ ಕ್ರಿಪ್ಟೋ ಆಗಿ ದೇಶ ದಾಟುತ್ತದೆ. ಮೇಷ್ಟರು 1930ಕ್ಕೆ ಫೋನ್ ಮಾಡುತ್ತಾರೆ. ದೂರು ದಾಖಲಾದ ಕೂಡಲೇ ಹಣ ನಡೆದ ದಾರಿ ಬ್ಯಾಂಕುಗಳಿಗೆ ಕಾಣುತ್ತದೆ, ಆ ದಾರಿಯಲ್ಲಿ ಸಿಕ್ಕಿದ ಖಾತೆಗಳಿಗೆ ತಡೆ ಬೀಳುತ್ತದೆ. ದಾರಿಯಲ್ಲಿ ಹೆಜ್ಜೆ ಗುರುತು ಇರುವುದು ಖಾತೆ ಕೊಟ್ಟವರದು ಮಾತ್ರ. ಖಾತೆ ಪಡೆದವನ ಹೆಸರು ಎಲ್ಲೂ ಇಲ್ಲ. ಅವನು ಆಗಲೇ ತನ್ನ ನಂಬರ್ ಬದಲಾಯಿಸಿ ಆಗಿದೆ.

ಹಣ ಕಳೆದುಕೊಂಡವರು ಯಾವ ರಾಜ್ಯದವರೋ ಅಲ್ಲಿನ ಪೊಲೀಸರಿಂದ ನೋಟಿಸ್ ಬರುತ್ತದೆ. ಒಂದೇ ಖಾತೆಯಲ್ಲಿ ಐದಾರು ಜನರ ಹಣ ಹಾದುಹೋಗಿದ್ದರೆ ಐದಾರು ರಾಜ್ಯಗಳಿಂದ ಬಂದರೂ ಬಂತೇ. ರೈಲು ಹತ್ತಿ ಗೊತ್ತಿಲ್ಲದ ಊರಿಗೆ ಹೋಗಿ, ಗೊತ್ತಿಲ್ಲದ ಭಾಷೆಯಲ್ಲಿ ಹೇಳಿಕೆ ಕೊಟ್ಟು, ಅಲ್ಲಿ ವಕೀಲರನ್ನು ಹಿಡಿದು ಜಾಮೀನಿಗೆ ಓಡಾಡಬೇಕು. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆ, ಐಟಿ ಕಾಯ್ದೆಯ 66ಡಿ, ಇವು ಇಂಥ ಪ್ರಕರಣಗಳಲ್ಲಿ ಹಾಕುವ ಕಲಮುಗಳು. ಸಿಮ್ ವಿಷಯಕ್ಕೆ 2023ರ ದೂರಸಂಪರ್ಕ ಕಾಯ್ದೆ ಬೇರೆಯೇ ಉಂಟು. ಮೋಸದಿಂದ, ಬೇರೆಯವರ ಹೆಸರಿನಲ್ಲಿ ಸಿಮ್ ಪಡೆದರೆ ಮೂರು ವರ್ಷದವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ. ಕೊನೆಗೆ ಹುಡುಗ ನಿರಪರಾಧಿ ಎಂದು ಸಾಬೀತಾಗಬಹುದು. ಅದಕ್ಕೆ ಹಿಡಿಯುವ ವರ್ಷಗಳನ್ನು ಯಾರೂ ವಾಪಸು ಕೊಡುವುದಿಲ್ಲ.

ಮತ್ತೆ ಪಾಸ್‌ಪೋರ್ಟ್. ನಮ್ಮ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋರ್ಟಿನಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇದ್ದವರಿಗೆ ಪಾಸ್‌ಪೋರ್ಟ್ ನಿರಾಕರಿಸಲು 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿಯೇ ಅವಕಾಶವಿದೆ. ಪೊಲೀಸ್ ಕ್ಲಿಯರೆನ್ಸ್ ಕೇಳುವ ಕೆಲಸಗಳಿಗೆ ಅಲ್ಲಿಗೇ ಬಾಗಿಲು ಮುಚ್ಚಿತು. ಐದು ಸಾವಿರಕ್ಕೋ ಹತ್ತು ಸಾವಿರಕ್ಕೋ ಕೊಟ್ಟ ಖಾತೆ ಒಂದು ಮನೆಯ ಗಲ್ಫ್ ದಾರಿಯನ್ನೇ ಕಡಿದು ಹಾಕಬಹುದು.

ಇಷ್ಟು ಗೊತ್ತಿದ್ದೇ ಕೊಟ್ಟವರ ಮಾತಾಯಿತು. ನಮಗೆ ಹೆಚ್ಚು ಚಿಂತೆಯಾಗುವುದು ಕೊಟ್ಟಿದ್ದೇವೆ ಎಂಬುದೇ ಗೊತ್ತಿಲ್ಲದವರ ಬಗ್ಗೆ.

ಗಲ್ಫಿನಲ್ಲಿ ಮಗ ಅಥವಾ ಗಂಡ ಇರುವ ಮನೆಗಳನ್ನೇ ನೋಡಿ. ಅವನು ಹೋಗುವ ಮೊದಲು ತೆರೆದ ಎಸ್‌ಬಿ ಖಾತೆ ಹಾಗೆಯೇ ಉಂಟು. ಎಟಿಎಂ ಕಾರ್ಡ್ ತಮ್ಮನ ಕೈಯಲ್ಲಿ, ಹಳೆ ಸಿಮ್ ಉಮ್ಮನ ಫೋನಿನಲ್ಲಿ, ಪಿನ್ ಮನೆಯವರಿಗೆಲ್ಲ ಗೊತ್ತು. ಕರೆಂಟ್ ಬಿಲ್ಲಿನಿಂದ ಹಿಡಿದು ತಂಗಿಯ ಕಾಲೇಜು ಫೀಸಿನವರೆಗೆ ಎಲ್ಲ ಅದರಲ್ಲಿಯೇ. ಕುಟುಂಬದ ಪ್ರೀತಿ, ನಂಬಿಕೆ ಎಲ್ಲ ಸರಿ. ಆದರೆ ತಮ್ಮನ ಗೆಳೆಯ ಒಂದು ದಿನ ‘ನಂಗೊಂದು ಐವತ್ತು ಸಾವಿರ ಬರ್ಲಿಕ್ಕೆ ಉಂಟು, ನನ್ನ ಖಾತೆಯ ಲಿಮಿಟ್ ಮುಗಿದಿದೆ, ನಿನ್ನ ಅಣ್ಣನದಕ್ಕೆ ಹಾಕಿಸ್ತೇನೆ’ ಎಂದರೆ ತಮ್ಮ ಬೇಡ ಎನ್ನುವುದಿಲ್ಲ. ದುಬೈಯಲ್ಲಿ ಡ್ರೈವರ್ ಕೆಲಸದಲ್ಲಿರುವವನಿಗೆ ತನ್ನ ಹೆಸರಲ್ಲಿ ಎಲ್ಲೋ ಒಂದು ದೂರು ದಾಖಲಾಗಿದೆ ಎಂದು ಗೊತ್ತಾಗುವುದು ರಜೆಗೆ ಬಂದು ಬ್ಯಾಂಕಿಗೆ ಹೋದಾಗ.

ಇದಕ್ಕೆ ಕಾನೂನಿನಲ್ಲಿಯೇ ಸರಿಯಾದ ದಾರಿ ಉಂಟು, ನಾವು ಬಳಸುವುದಿಲ್ಲ ಅಷ್ಟೆ. ಅನಿವಾಸಿಯಾದ ಮೇಲೆ ಊರಿನ ಸಾಮಾನ್ಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು ಎಂಬುದು ಫೆಮಾ ನಿಯಮ. ಮನೆಯವರು ಅದನ್ನು ನಡೆಸಬೇಕಾದರೆ ಬ್ಯಾಂಕಿಗೆ ಮ್ಯಾಂಡೇಟ್ ಪತ್ರ ಬರೆದುಕೊಡಬಹುದು. ಆಗ ತಮ್ಮ ತನ್ನದೇ ಸಹಿಯಲ್ಲಿ ವ್ಯವಹಾರ ಮಾಡುತ್ತಾನೆ, ಮಾಡಿದವನು ಯಾರು ಎಂಬುದಕ್ಕೆ ದಾಖಲೆ ಇರುತ್ತದೆ. ಯುಎಇ, ಸೌದಿ, ಕತಾರ್, ಒಮಾನ್ ನಂಬರುಗಳಿಗೆ ಎನ್‌ಆರ್‌ಇ, ಎನ್‌ಆರ್‌ಒ ಖಾತೆ ಜೋಡಿಸಿ ಯುಪಿಐ ಬಳಸಲು 2023ರಲ್ಲಿಯೇ ದಾರಿ ತೆರೆದಿದ್ದಾರೆ. ತನ್ನ ಬ್ಯಾಂಕಿನಲ್ಲಿ ಆ ಸೌಲಭ್ಯ ಉಂಟೋ ಎಂದು ವಿಚಾರಿಸಿಕೊಂಡರೆ ಊರಿನ ಸಿಮ್ಮನ್ನು ಮನೆಯಲ್ಲಿ ಬಿಟ್ಟು ಹೋಗುವ ಅಗತ್ಯವೇ ಇಲ್ಲ. ಸಿಮ್ಮಿನ ಮಾತು ಬಂದಾಗ ಇನ್ನೊಂದು: ಮೂರು ತಿಂಗಳು ಬಳಸದೆ, ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಬಂದ್ ಆಗುತ್ತದೆ, ಮುಂದೆ ಅದು ಬೇರೆ ಯಾರಿಗೋ ಹೋಗಬಹುದು. ಆ ನಂಬರ್ ಬ್ಯಾಂಕಿನಲ್ಲಿ ನಿಮ್ಮ ಹೆಸರಿಗೇ ಉಳಿದಿದ್ದರೆ ನಿಮ್ಮ ಖಾತೆಯ ಮೆಸೇಜುಗಳನ್ನು ಅವರು ಓದುತ್ತಾರೆ.

ಇನ್ನು ಹುಂಡಿಯ ಮಾತು. ಇದನ್ನು ನಮ್ಮ ಪುಟದಲ್ಲಿ ಬರೆದರೆ ಕೆಲವರಿಗೆ ಸಿಟ್ಟು ಬರಬಹುದು, ಆದರೂ ಬರೆಯಬೇಕು. ಅಲ್ಲಿ ದಿರ್ಹಮೋ ರಿಯಾಲೋ ಏಜೆಂಟನ ಕೈಗೆ ಕೊಡುವುದು, ಇಲ್ಲಿ ಮನೆಗೆ ರೂಪಾಯಿ ಬರುವುದು. ಅದು ಕಾನೂನುಬಾಹಿರ ಎಂದು ಎಲ್ಲರಿಗೂ ಗೊತ್ತು. ನಾಲ್ಕು ಕಾಸು ರೇಟು ಹೆಚ್ಚು ಸಿಗುತ್ತದೆ, ಬೇಗ ತಲುಪುತ್ತದೆ ಎಂದು ನಡೆದುಕೊಂಡು ಬಂದಿದೆ. ಮೊದಲು ಬೈಕಿನಲ್ಲಿ ಬಂದವನು ನೋಟಿನ ಕಟ್ಟು ಕೊಟ್ಟು ಹೋಗುತ್ತಿದ್ದ. ಈಗ ಏಜೆಂಟ್ ಕೇಳುವುದು ಖಾತೆ ನಂಬರ್. ಹಣ ಬರುತ್ತದೆ, ಆದರೆ ಯಾರ ಹೆಸರಿನಿಂದ? ಪಾಸ್‌ಬುಕ್ ತೆಗೆದು ನೋಡಿದರೆ ಕಂಡು ಕೇಳರಿಯದ ಹೆಸರು, ಗೊತ್ತಿಲ್ಲದ ಊರು.

ಇಲ್ಲಿ ಒಂದು ಸಣ್ಣ ಅರ್ಥಶಾಸ್ತ್ರ ಉಂಟು. ವಂಚಕನ ಹತ್ತಿರ ಭಾರತದಲ್ಲಿ ಕೊಳಕು ರೂಪಾಯಿ ಇದೆ, ಅವನಿಗೆ ಹೊರದೇಶದಲ್ಲಿ ಶುದ್ಧ ಹಣ ಬೇಕು. ನಮ್ಮ ಹುಡುಗನ ಹತ್ತಿರ ಅಲ್ಲಿ ಬೆವರು ಸುರಿಸಿದ ಶುದ್ಧ ದಿರ್ಹಮ್ ಇದೆ, ಅವನಿಗೆ ಊರಿನಲ್ಲಿ ರೂಪಾಯಿ ಬೇಕು. ನಡುವೆ ಏಜೆಂಟ್ ಕೂತು ಇಬ್ಬರ ಹಣವನ್ನೂ ಅದಲು ಬದಲು ಮಾಡಿದರೆ ಒಂದು ರೂಪಾಯಿಯೂ ಗಡಿ ದಾಟುವುದಿಲ್ಲ, ಎರಡೂ ಕಡೆಯ ಕೆಲಸ ಮುಗಿಯುತ್ತದೆ. ಹುಂಡಿಯ ಹಣವೆಲ್ಲ ವಂಚನೆಯದೇ ಎಂದು ನಾವು ಹೇಳುತ್ತಿಲ್ಲ. ಯಾವುದು ಹೌದು, ಯಾವುದು ಅಲ್ಲ ಎಂದು ಪಡೆಯುವವರಿಗೆ ತಿಳಿಯುವ ದಾರಿಯೇ ಇಲ್ಲ ಎನ್ನುತ್ತಿದ್ದೇವೆ. ಖಾತೆಗೆ ತಡೆ ಬಿದ್ದ ದಿನ ‘ಇದು ನನ್ನ ಗಂಡನ ಸಂಬಳ’ ಎಂದರೆ ಬ್ಯಾಂಕಿನವರು ಕೇಳುವ ಮೊದಲ ಕಾಗದ ಎಕ್ಸ್‌ಚೇಂಜಿನ ರಸೀದಿ. ಹುಂಡಿಗೆ ರಸೀದಿ ಇಲ್ಲ. ಹಲಾಲಾಗಿ ದುಡಿದ ಹಣ ದಾರಿಯಲ್ಲಿ ಬೇರೆಯವರ ಕಣ್ಣೀರಿನ ಜೊತೆ ಬದಲಾಗಿ ಮನೆಗೆ ಬರುವುದನ್ನು ಯಾವ ಉಮ್ಮನೂ ಬಯಸಲಾರಳು. ನಾಲ್ಕು ಕಾಸಿನ ರೇಟು ವ್ಯತ್ಯಾಸಕ್ಕೆ ಇದು ಬಹಳ ದುಬಾರಿ ವ್ಯಾಪಾರ.

ತಪ್ಪೆಲ್ಲ ಜನರದೇ ಎಂದು ಬರೆದು ಕೈ ತೊಳೆದುಕೊಳ್ಳಲು ನಾವು ತಯಾರಿಲ್ಲ. ನಮ್ಮ ಅವಿಭಜಿತ ಜಿಲ್ಲೆ ಬ್ಯಾಂಕುಗಳ ತೊಟ್ಟಿಲು. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದವರು ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರು. ಅದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಮುಂದೆ ಕರ್ನಾಟಕ ಬ್ಯಾಂಕ್, ಸಿಂಡಿಕೇಟ್, ವಿಜಯ. ಸಿಂಡಿಕೇಟಿನ ಪಿಗ್ಮಿ ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಚಿಲ್ಲರೆ ಕಾಸು ಒಯ್ಯುತ್ತಿದ್ದ. ಯಾರ ಮನೆಯಲ್ಲಿ ಎಷ್ಟು ಜನ, ಯಾರ ವ್ಯಾಪಾರ ಎಷ್ಟು ಎಂದು ಅವನಿಗೆ ಗೊತ್ತಿತ್ತು. ಅಂಥ ಖಾತೆಗೆ ಒಂದು ದಿನ ಇದ್ದಕ್ಕಿದ್ದಂತೆ ಎಂಟು ಲಕ್ಷ ಬಂದು ಸಂಜೆಯೊಳಗೆ ಖಾಲಿಯಾದರೆ ಮ್ಯಾನೇಜರ್ ಮನೆಗೇ ಹೇಳಿ ಕಳಿಸುತ್ತಿದ್ದರೇನೋ. ಈಗ ಆ ಬ್ಯಾಂಕುಗಳಲ್ಲಿ ಮೂರು ಬೇರೆ ದೊಡ್ಡ ಬ್ಯಾಂಕುಗಳೊಳಗೆ ವಿಲೀನವಾಗಿವೆ. ಫೋನಿನಲ್ಲಿಯೇ ಕೆಲವು ನಿಮಿಷಗಳಲ್ಲಿ ಖಾತೆ ತೆರೆಯುತ್ತದೆ. ಸಿಬ್ಬಂದಿಗೆ ತಿಂಗಳಿಗೆ ಇಷ್ಟು ಖಾತೆ ತೆರೆಸಬೇಕೆಂಬ ಗುರಿ. ಬ್ಯಾಂಕಿಗೆ ಖಾತೆ ಗೊತ್ತು, ಖಾತೆದಾರ ಗೊತ್ತಿಲ್ಲ.

ಹಾಗಾಗಿ ಸುಪ್ರೀಂ ಕೋರ್ಟಿನ ಪ್ರಶ್ನೆ ಸರಿಯಾದ ಕಡೆಗೇ ಹೋಗಿದೆ. ವಿದ್ಯಾರ್ಥಿವೇತನಕ್ಕೆಂದು ತೆರೆದ, ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಖಾತೆಯಲ್ಲಿ ಒಂದೇ ದಿನ ಲಕ್ಷಗಟ್ಟಲೆ ಬಂದು ಹೋಗುವುದನ್ನು ಹಿಡಿಯಲು ಮಹಾ ಬುದ್ಧಿಯೇನೂ ಬೇಡ, ಕಂಪ್ಯೂಟರಿಗೆ ಅದು ಸುಲಭದ ಲೆಕ್ಕ. ರಿಸರ್ವ್ ಬ್ಯಾಂಕಿನ ಬೆಂಗಳೂರಿನ ಇನ್ನೋವೇಷನ್ ಹಬ್ ಇದಕ್ಕೆಂದೇ ‘ಮ್ಯೂಲ್‌ಹಂಟರ್’ ಎಂಬ ತಂತ್ರಾಂಶ ಮಾಡಿದೆ. 2024ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಪ್ರಕಟಿಸಿ ಬ್ಯಾಂಕುಗಳು ಕೈಜೋಡಿಸಬೇಕೆಂದು ಕೇಳಿತು. ಇದ್ದ ಅಸ್ತ್ರವನ್ನು ಎಲ್ಲ ಬ್ಯಾಂಕುಗಳೂ ಕಡ್ಡಾಯವಾಗಿ ಬಳಸುವಂತೆ ಮಾಡದೆ, ಸಿಕ್ಕಿಬಿದ್ದ ಹುಡುಗನನ್ನು ಮಾತ್ರ ಒಳಗೆ ಹಾಕಿದರೆ ದಂಧೆ ನಿಲ್ಲುವುದಿಲ್ಲ. ನಾಳೆ ಇನ್ನೊಬ್ಬ ಹುಡುಗ ಸಿಗುತ್ತಾನೆ.

ತಡೆ ಹಾಕುವ ರೀತಿಯ ಬಗ್ಗೆಯೂ ನಮ್ಮ ತಕರಾರು ಉಂಟು. ಅಂಗಡಿಯ ಕ್ಯೂಆರ್ ಕೋಡಿಗೆ ಯಾರೋ 800 ರೂಪಾಯಿ ಹಾಕಿ ಸಾಮಾನು ಒಯ್ದ. ಆ 800 ವಂಚನೆಯ ಹಣದ ಬಾಲ ಎಂದು ಅಂಗಡಿಯವನಿಗೆ ಹೇಗೆ ಗೊತ್ತಾಗಬೇಕು? ಆದರೆ ಅಷ್ಟಕ್ಕೇ ಇಡೀ ಖಾತೆ ಬಂದ್. ಚೆಕ್ ಬೌನ್ಸ್, ಸಾಲದ ಕಂತು ತಪ್ಪುವುದು, ಹೋಲ್‌ಸೇಲಿನವರ ಮುಂದೆ ಮರ್ಯಾದೆ ಹೋಗುವುದು. ಪಕ್ಕದ ಕೇರಳದಲ್ಲಿ 2023ರಲ್ಲಿ ಹೀಗೆ ಬಹಳ ಜನರ ಖಾತೆ ನಿಂತು ದೊಡ್ಡ ಗಲಾಟೆಯಾಯಿತು. ಪೊಲೀಸರು ಹೇಳಿದ ಮೊತ್ತಕ್ಕೆ ಮಾತ್ರ ತಡೆ ಇರಲಿ, ಉಳಿದದ್ದನ್ನು ಖಾತೆದಾರರು ಬಳಸಲಿ ಎಂದು ಅಲ್ಲಿನ ಹೈಕೋರ್ಟ್ ಆ ವರ್ಷವೇ ಹೇಳಿತು. ನ್ಯಾಯದ ಮಾತು ಅದು. ಗೃಹಲಕ್ಷ್ಮಿಯ ಎರಡು ಸಾವಿರ ಬರುವ ಖಾತೆಯನ್ನೇ ಮನೆಯ ಎಲ್ಲ ವ್ಯವಹಾರಕ್ಕೂ ಬಳಸುವ ಹೆಂಗಸಿಗೆ ಇಡೀ ಖಾತೆ ನಿಂತರೆ ಅಕ್ಕಿ ತರಲಿಕ್ಕೂ ದುಡ್ಡಿಲ್ಲ.

ಹೀಗಾದರೆ ಮಾಡುವುದೆಂತ? ಮೊದಲು ಮಧ್ಯವರ್ತಿಗಳ ಹತ್ತಿರ ಓಡಬೇಡಿ. ‘ನಂಗೆ ಅಲ್ಲಿನ ಪೊಲೀಸ್ ಗೊತ್ತುಂಟು, ಇಷ್ಟು ಕೊಟ್ರೆ ಬಿಡಿಸ್ತೇನೆ’ ಎನ್ನುವವರೂ ಈಗ ಹುಟ್ಟಿಕೊಂಡಿದ್ದಾರೆ, ಅದು ಎರಡನೇ ವಂಚನೆ. ಬ್ಯಾಂಕಿಗೆ ಲಿಖಿತವಾಗಿ ಕೊಟ್ಟು ಯಾವ ಪೊಲೀಸ್ ಠಾಣೆ, ಯಾವ ದೂರು, ಎಷ್ಟು ಮೊತ್ತ ಎಂದು ಬರಹದಲ್ಲಿಯೇ ಕೇಳಿ. ಆ ಹಣ ಯಾವ ವ್ಯಾಪಾರದ್ದು ಎಂಬ ಬಿಲ್ಲು, ವಾಟ್ಸ್ಆ್ಯಪ್ ಮಾತುಕತೆ, ಏನಿದ್ದರೂ ಜೋಡಿಸಿ ಆ ಠಾಣೆಗೆ ಈಮೇಲ್ ಮಾಡಿ. ನೋಟಿಸ್ ಬಂದರೆ ಉತ್ತರಿಸದೆ ಸುಮ್ಮನೆ ಕೂರುವುದು ಎಲ್ಲಕ್ಕಿಂತ ಕೆಟ್ಟದು.

ಹಣ ಕಳೆದುಕೊಂಡವರು ನೀವೇ ಆಗಿದ್ದರೆ 1930ಕ್ಕೆ ಆ ಕ್ಷಣವೇ ಫೋನ್ ಮಾಡಿ. ಮರ್ಯಾದೆಗೆ ಅಂಜಿ ಎರಡು ದಿನ ಕಾದರೆ ಹಣ ದೇಶ ಬಿಟ್ಟಾಗಿರುತ್ತದೆ. ನಿಮ್ಮ ತಪ್ಪಿಲ್ಲದೆ, ಬ್ಯಾಂಕಿನದೂ ಅಲ್ಲದ ಲೋಪದಿಂದ ಖಾತೆಯಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟದ ಹೊಣೆ ಇಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಲ್ಲಿದೆ. ಒಟಿಪಿ ನೀವೇ ಹೇಳಿಕೊಟ್ಟಿದ್ದರೆ ಮಾತ್ರ ದೂರು ಕೊಡುವವರೆಗಿನ ನಷ್ಟ ನಿಮ್ಮದೇ. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂದು ಪ್ರಧಾನಿಯೇ 2024ರ ಅಕ್ಟೋಬರಿನಲ್ಲಿ ರೇಡಿಯೋದಲ್ಲಿ ಹೇಳಿ ಆಗಿದೆ, ಅದನ್ನು ಇಲ್ಲಿ ಮತ್ತೆ ಬೆಳೆಸುವುದಿಲ್ಲ.

ಜಮಾಅತ್ ಕಮಿಟಿಗಳು ಮನಸ್ಸು ಮಾಡಿದರೆ ಒಂದು ಕೆಲಸ ಸುಲಭವಾಗಿ ಆಗುತ್ತದೆ. ಪಿಯುಸಿ, ಡಿಗ್ರಿ ಹುಡುಗರನ್ನು ಒಂದು ಸಂಜೆ ಕೂರಿಸಿ, ಮಂಗಳೂರಿನ ಸೆನ್ ಠಾಣೆಯವರನ್ನೋ ಒಬ್ಬ ವಕೀಲರನ್ನೋ ಕರೆಸಿ ಮಾತಾಡಿಸಬಹುದು. ಉಪದೇಶ ಬೇಡ, ಹುಡುಗರಿಗೆ ಅದು ಹಿಡಿಸುವುದಿಲ್ಲ. ಖಾತೆ ಕೊಟ್ಟವನಿಗೆ ಬಂದ ನೋಟಿಸ್ ಹೇಗಿರುತ್ತದೆ, ಜಾಮೀನಿಗೆ ಎಷ್ಟು ಖರ್ಚು, ಎಷ್ಟು ಓಡಾಟ ಎಂದು ತೋರಿಸಿದರೆ ಸಾಕು. ಈಗಾಗಲೇ ಕೊಟ್ಟು ಬಿಟ್ಟವನು ಆ ಸಂಜೆ ಎದ್ದು ಹೇಳಲಾರ. ಅವನು ಆಮೇಲೆ ಒಬ್ಬನೇ ಬಂದು ಹೇಳಿಕೊಳ್ಳಬಹುದಾದ ಒಬ್ಬ ಹಿರಿಯರು ಇದ್ದಾರೆ ಎಂದು ಗೊತ್ತಾಗಬೇಕು. ಬೈಯದೆ ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಕಾರ್ಡ್ ಬ್ಲಾಕ್ ಮಾಡಿಸಿ, ಸಿಮ್ ನಿಲ್ಲಿಸಿ, ಠಾಣೆಯಲ್ಲಿ ತಾನಾಗಿಯೇ ತಿಳಿಸುವಂತೆ ಮಾಡುವವರು ಬೇಕು. ತಾನಾಗಿ ಬಂದು ಹೇಳಿದವನಿಗೂ ಸಿಕ್ಕಿಬಿದ್ದವನಿಗೂ ಕಾನೂನಿನ ಮುಂದೆ ವ್ಯತ್ಯಾಸ ಇದ್ದೇ ಇರುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು ಇನ್ನೂ ಚಿಕ್ಕದು. ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿ ನಿಮ್ಮ ನಂಬರ್ ಹಾಕಿದರೆ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಉಂಟು ಎಂದು ಕಾಣುತ್ತದೆ. ನಿಮ್ಮದಲ್ಲದ್ದು ಇದ್ದರೆ ಅಲ್ಲಿಯೇ ದೂರು ಕೊಡಬಹುದು. ಬೀರುವಿನ ಪಾಸ್‌ಬುಕ್‌ಗಳನ್ನೆಲ್ಲ ಒಮ್ಮೆ ಹೊರಗೆ ತೆಗೆದು ನೋಡಿ. ಸ್ಕಾಲರ್‌ಶಿಪ್ಪಿಗೆ ತೆರೆದದ್ದು, ಜನಧನದ್ದು, ಹಳೆ ಕೆಲಸದ ಸಂಬಳದ್ದು, ಬಳಸದೆ ಬಿದ್ದಿರುವ ಖಾತೆ ಎಲ್ಲರ ಮನೆಯಲ್ಲೂ ಎರಡೋ ಮೂರೋ ಇರುತ್ತದೆ. ಅವನ್ನು ಮುಚ್ಚಿಸಬಹುದು, ಆದರೆ ಖಾತೆ ಮುಚ್ಚಲು ಖಾತೆದಾರನದೇ ಸಹಿ ಬೇಕು. ಗಲ್ಫಿನವರು ಈ ಸಲ ರಜೆಗೆ ಬಂದಾಗ ಮದುವೆ, ಮನೆ ಒಕ್ಕಲಿನ ನಡುವೆ ಒಂದು ಬೆಳಗ್ಗೆ ಬ್ಯಾಂಕಿಗೆ ಇಡಲಿ. ಪಾಸ್‌ಪೋರ್ಟ್, ವೀಸಾ ಪ್ರತಿ, ಪಾನ್ ಜೊತೆಗಿರಲಿ. ಬೇಡದ ಖಾತೆ ಮುಚ್ಚಿಸಿ ಅದರ ಪತ್ರ ಕೈಗೆ ತೆಗೆದುಕೊಳ್ಳಿ, ಬೇಕಾದದ್ದನ್ನು ಎನ್‌ಆರ್‌ಒ ಮಾಡಿಸಿ ತಮ್ಮನ ಹೆಸರಿಗೆ ಮ್ಯಾಂಡೇಟ್ ಬರೆದುಕೊಡಿ. ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಬೇಕಾಗುತ್ತದೆ, ಅವನ ಸಹಿಯೂ ಬೇಕು.